ಚಿಮಟಾ ಕೊಯ್ಯಲು ಒಂದು ಹೂಂ

"ಇದ್ರಾಗ ಒಂದಕ್ಷರ ಸುಳ್ಳಿಲ್ರಿ. ಸುಳ್ಳಿದ್ರ ಈ ಪಾನಾ ನನ್ನ ಕಾಲ ಹೆಬ್ಬಟ್ಟಿನ ಮ್ಯಾಲ ಬೀಳಲಿ," ಎನ್ನುತ್ತಾರೆ ಶೆಟ್ಟೆಪ್ಪ. ಹೀಗೆ ಆಣೆ ಇಡುವಾಗ ಅವರು ಕೈಗೆತ್ತಿಕೊಳ್ಳುವುದು ಡಬ್ಬಿಯಲ್ಲಿರುವ, ನಟ್ಟು ತಿರುಗಿಸುವ ಅತಿ ಸಣ್ಣ ಪಾನಾ. ಬಿದ್ದರೂ ಅಷ್ಟೇನೂ ನೋಯುವುದಿಲ್ಲ.

ಶನಿವಾರ ಬೆಳಗಿನ ಐದೂವರೆ. ಮಲಾಡ್ ಸ್ಟೇಷನ್ನಿನ ಪಶ್ಚಿಮಕ್ಕೆ ಹಾಲಿನ ಬೂತಿನ ಪಕ್ಕ, ತಮ್ಮ ಒಂದೇ ಕೋಣೆಯ ಮನೆಯ ಮುಂದೆ ಕಟ್ಟಿದ ನೀಲಿ ತಾಡಪತ್ರಿಯ ಕೆಳಗೆ, ಐವತ್ತಾರರ ಈ ಸೈಕಲ್ ಮೇಸ್ತ್ರಿ ಪೂಜೆಗೆ ಕೂತಂತೆ ಕೂತಿದ್ದಾರೆ. ಮುಂದೆ ಹಳೆ ತಟ್ಟೆ. ತಟ್ಟೆಯಲ್ಲಿ ಚಿಮಟಾ, ಎಂದರೆ ಮುಂದಿನ ಗಾಲಿಯನ್ನು ಹಿಡಿದುಕೊಳ್ಳುವ ಎರಡು ಕಾಲಿನ ಕವಲು. ಶೆಟ್ಟೆಪ್ಪ ಸೀಮೆಎಣ್ಣೆಯಲ್ಲಿ ಕುಂಕುಮ ಕಲಸಿ ಅದರ ಕುತ್ತಿಗೆಗೆ ಬಳಿಯುತ್ತಾರೆ. ಒಂದು ಚಹಾ ಕುಡಿದು ಮುಗಿಸುತ್ತಾರೆ. ಚಿಂದಿಯಿಂದ ಒರೆಸಿ, ಮೇಲೆ ತೆಳ್ಳಗೆ ವಿಭೂತಿ ಉದುರಿಸುತ್ತಾರೆ. ಆಮೇಲೆ ಉಸಿರು ಹಿಡಿದು ನೋಡುತ್ತಾರೆ.

ಬೆಳ್ಳಗಿನ ವಿಭೂತಿಯ ನಡುವೆ, ಎಲ್ಲಿಂದಲೋ, ಕೂದಲೆಳೆಯಷ್ಟು ಕೆಂಪು ಗೆರೆ ಏಳುತ್ತದೆ. ಕುತ್ತಿಗೆಯ ಸುತ್ತ ಮುಕ್ಕಾಲು ಭಾಗ ಹರಿದು ನಿಲ್ಲುತ್ತದೆ.

"ನೆತ್ತರ ಬಂತು ನೋಡ್ರಿ," ಎನ್ನುತ್ತಾರೆ ಅವರು, ಮಳೆ ಬಂತು ಎನ್ನುವ ಹಾಗೆ. ಹಾಲು ಒಯ್ಯಲು ಬಂದ ಹೆಂಗಸೊಬ್ಬರು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ಬಿರುಕಿನೊಳಗೆ ಇಳಿದ ಕುಂಕುಮ ಒರೆಸಿದರೆ ಹೋಗುವುದಿಲ್ಲ, ವಿಭೂತಿ ಅದನ್ನು ಹೊರಕ್ಕೆ ಹೀರುತ್ತದೆ. ಇಷ್ಟೇ ಗುಟ್ಟು. ಇದನ್ನು ಯಾರು ಕಲಿಸಿದರು ಎಂದು ಕೇಳಿದರೆ ಸೋಮವಾರ ರೈಲ್ವೆ ಇಂಜಿನಿಯರ್ ಎನ್ನುತ್ತಾರೆ, ಗುರುವಾರ ಕನಸಿನಲ್ಲಿ ಬಂದ ಅಜ್ಜ ಎನ್ನುತ್ತಾರೆ. ಹೆಂಡತಿ ನಾಗವ್ವನ ಲೆಕ್ಕವೇ ಬೇರೆ. "ಮನಿ ದೇವ್ರಿಗೆ ಚಿಟಿಕಿ, ಸೈಕಲ್ಲಿಗೆ ಡಬ್ಬಿ. ಕುಂಕುಮದ ಅಂಗಡಿಯಾಂವ ಕೇಳ್ತಾನ, ಬಾಯಿ, ನಿಮ್ಮ ಮನ್ಯಾಗ ಎಷ್ಟ ಮಂದಿ ಮುತ್ತೈದ್ಯಾರದಾರ ಅಂತ."

ಶೆಟ್ಟೆಪ್ಪ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಇಪ್ಪತ್ತೆರಡರ ವಯಸ್ಸಿಗೆ ಬಿಲ್ಡಿಂಗ್ ಕೆಲಸಕ್ಕೆಂದು ಮುಂಬಯಿಗೆ ಬಂದು, ಮೂರನೇ ಮಹಡಿಯಿಂದ ಕೆಳಗೆ ನೋಡಿ ತಲೆ ತಿರುಗಿ, ನೆಲದ ಮೇಲೆ ಕೂತು ಮಾಡುವ ಕಸುಬು ಹುಡುಕಿಕೊಂಡರು. ದಿನಕ್ಕೆ ಐವತ್ತು ಗಾಲಿಗೆ ಹವಾ, ಹತ್ತು ಹನ್ನೆರಡು ಪಂಕ್ಚರ್, ನಾಲ್ಕೈದು ಬ್ರೇಕ್. ಇದು ಎಲ್ಲ ಮೇಸ್ತ್ರಿಗಳೂ ಮಾಡುವ ಕೆಲಸ. ಇವರೊಬ್ಬರೇ ಮಾಡುವ ಕೆಲಸ ಬೇರೆ ಇದೆ: ಹಳೆ ಫಾರಿನ್ ಸೈಕಲ್ಲುಗಳಲ್ಲಿ ಜೀವ ತೆಗೆಯುವ ಭಾಗಗಳನ್ನು ಹುಡುಕಿ ಕೊಯ್ದು ಹಾಕುವುದು. ಹದಿನೆಂಟು ವರ್ಷದಲ್ಲಿ ಇನ್ನೂರ ಹನ್ನೊಂದು ಕೊಯ್ದಿದ್ದಾರೆ.

ಹಿಂದಿನ ಗೋಡೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ತೂಕ ಇಳಿಯಲೆಂದು ಯಾವನೋ ಪುಣ್ಯಾತ್ಮ ಇಡ್ಲಿ ತಟ್ಟೆಯ ಹಾಗೆ ತೂತು ಕೊರೆಸಿದ ಬ್ರೇಕ್ ಹಿಡಿ. ಒಳಗೆಲ್ಲ ಗೆದ್ದಲು ತಿಂದು ಮೇಲೆ ವಾರ್ನಿಷ್ ಮಾತ್ರ ಉಳಿದ ಕಟ್ಟಿಗೆ ರಿಮ್ಮು. ಬೆರಳಿನಿಂದ ಮಡಚಬಹುದಾದ ಪೆಡಲ್ಲು. ಇಂಥವನ್ನೇ ಈಗ ಜನ ಆಸೆಪಟ್ಟು ತರುತ್ತಾರೆ. ಹಳೆಯದಾದಷ್ಟೂ ಬೆಲೆ, ಮೂಲದ ಭಾಗಗಳೇ ಇದ್ದರೆ ಇನ್ನೂ ಬೆಲೆ.

ತೊಂದರೆ ಏನೆಂದರೆ, ಭಾಗ ಗಿರಾಕಿಯದು. ಅವರು ಒಪ್ಪದೆ ಕೊಯ್ಯುವಂತಿಲ್ಲ. ಫಾರಿನ್ ಮಾಲನ್ನು ಗರಗಸಕ್ಕೆ ಕೊಡಲು ಯಾರು ಒಪ್ಪುತ್ತಾರೆ? ಅದಕ್ಕೆ ಶೆಟ್ಟೆಪ್ಪ ಕಥೆ ಹೇಳುತ್ತಾರೆ. ಕಥೆ ಕೇಳುವವರು ಹೂಂಗುಟ್ಟಬೇಕೆಂಬುದು ಊರಿನ ಪದ್ಧತಿ. ಹೂಂ, ಆಮೇಲೆ, ಹೂಂ, ಹೌದಾ, ಹೂಂ. ಆ ಹೂಂಗಳ ಓಟದಲ್ಲಿ ನಡುವೆ ಮೆಲ್ಲಗೆ "ಕೊಯ್ಲೇನ್ರಿ?" ಎನ್ನುತ್ತಾರೆ. ಗಿರಾಕಿ "ಹೂಂ" ಅಂದುಬಿಟ್ಟಿರುತ್ತಾನೆ. ಅವನಿಗೆ ಎಚ್ಚರವಾಗುವ ಹೊತ್ತಿಗೆ ಗರಗಸ ಅರ್ಧ ದಾಟಿರುತ್ತದೆ.

"ನಾ ಮಾತ್ರ ಹದಿನೆಂಟು ವರ್ಷದಿಂದ ಇವ್ರ ಮುಂದ ಹೂಂ ಅಂದಿಲ್ರಿ," ಎನ್ನುತ್ತಾರೆ ನಾಗವ್ವ. "ಅಂದಾವ್ರದ್ದೆಲ್ಲಾ ಏನರೆ ಒಂದ ಹೋಗೇದ."

ಈ ಹೂಂ ಎಲ್ಲಿಂದ ಶುರುವಾಯಿತು ಎಂದು ಕೇಳಿದರೆ ಶೆಟ್ಟೆಪ್ಪ ಪಂಪ್ ಹುಡುಕತೊಡಗುತ್ತಾರೆ. ಪಂಪ್ ಕಾಲ ಬಳಿಯೇ ಇರುತ್ತದೆ. "ಅದೊಂದು ಯಾರಿಗೂ ಹೇಳೂದಿಲ್ಲ ಅವ್ರು," ಎಂದು ನಾಗವ್ವ ಒಳಗೆ ಹೋಗುತ್ತಾರೆ.

ಈಗ ತಟ್ಟೆಯಲ್ಲಿರುವ ಚಿಮಟಾದ ಒಡೆಯ ಬಂದಿದ್ದಾರೆ. ಬೊರಿವಲಿಯ ತಿಲಕ್, ವಯಸ್ಸು ಮೂವತ್ತರ ಆಸುಪಾಸು, ಮಲಾಡಿನಲ್ಲೇ ಆಫೀಸು. ತಂದೆ ತಾಯಿ ಉಡುಪಿ ಕಡೆಯವರು, ಇವರು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಸಾಂತಾಕ್ರೂಜಿನ ಹಳೆ ಬಂಗಲೆಯೊಂದರಿಂದ ಐವತ್ತು ವರ್ಷದ ರೇಸ್ ಸೈಕಲ್ ಕೊಂಡು, ನೋಡಿಕೊಡಲೆಂದು ಇಲ್ಲಿ ಬಿಟ್ಟಿದ್ದಾರೆ. ನಾಳೆ ದಕ್ಷಿಣ ಮುಂಬಯಿಯಲ್ಲಿ ಹಳೆ ಸೈಕಲ್ಲುಗಳ ಮೆರವಣಿಗೆ, ಬೊರಿವಲಿಯಿಂದ ಅಲ್ಲಿಯವರೆಗೂ ತುಳಿದುಕೊಂಡೇ ಹೋಗುವ ಹಟ.

ವಿಭೂತಿ ಕುಂಕುಮ ನೋಡಿ ತಿಲಕ್ ಮುಖ ಅರಳುತ್ತದೆ. "ಅರೆ ವಾಹ್ ಕಾಕಾ, ಪೂಜಾ ಕೂಡ ಆಯ್ತಾ? ಅಂದ್ರೆ ಓಕೆ ಅಲ್ವಾ? ಹಾಕಿ ಬಿಡಿ."

"ಪೂಜಾ ಅಲ್ಲ ಸಾಹೇಬ್ರ, ಪಂಚನಾಮಾ. ಈ ಕೆಂಪು ಗೆರಿ ನೋಡ್ರಿ. ಹಗುರ ಆಗ್ಲಿ ಅಂತ ಅಲ್ಯೂಮಿನಿಯಂ ಹೊಯ್ದಾರ, ಒಳಗ ಉಕ್ಕಿನ ಕೊಳವಿ ತುರುಕಿ ಒಂದ ಪಿನ್ನ ಹೊಡದಾರ. ಪಿನ್ನ ಸಡಲ ಆಗೇದ, ಕುತಗಿ ಸೀಳೇದ. ಅದರ ಬದ್ಲಿ ಉಕ್ಕಿನ ಚಿಮಟಾ ಹಾಕಿ ಕೊಡ್ತೀನಿ, ನಾಳಿ ಆರಾಮ ಹೋಗ್ರಿ."

"ನಹೀ ಕಾಕಾ. ಒರಿಜಿನಲ್ ಬೇಕು. ನೀವು ಹಾಕಲ್ಲ ಅಂದ್ರೆ ಬೊರಿವಲಿಯಲ್ಲಿ ಇನ್ನೊಬ್ಬ ಹಾಕ್ತಾನೆ."

ಶೆಟ್ಟೆಪ್ಪ ಸಣ್ಣ ಪಾನಾ ಎತ್ತಿಕೊಂಡು ಕಥೆ ಶುರುಮಾಡುತ್ತಾರೆ. ಸಾಂತಾಕ್ರೂಜಿನ ಒಬ್ಬ ಸಾಹೇಬರ ಬ್ರೇಕ್ ಹಿಡಿ, ಅದೇ ಇಡ್ಲಿ ತಟ್ಟೆ, ಸೇತುವೆ ಇಳಿಯುವಾಗ ಕೈಯಲ್ಲೇ ಹಪ್ಪಳದಂತೆ ಮುರಿಯಿತಂತೆ.

"ಹಾಂ," ಎನ್ನುತ್ತಾರೆ ತಿಲಕ್, ಕಣ್ಣರಳಿಸಿ.

ಸೈಕಲ್ ನಿಲ್ಲದೆ ವಿಮಾನ ನಿಲ್ದಾಣದ ಗೇಟಿಗೆ ಹೋಯಿತಂತೆ. ಇಷ್ಟು ಜೋರು ಬರುವವರು ದೊಡ್ಡವರೇ ಇರಬೇಕೆಂದು ವಾಚ್‌ಮನ್ ಸಲಾಂ ಹೊಡೆದನಂತೆ.

"ಹಾಂ! ಫಿರ್?"

"ರನ್‌ವೇ ಮ್ಯಾಲ ಮುಂದ ಸಾಹೇಬ್ರು, ಹಿಂದ ವಿಮಾನ. ವಿಮಾನ ಹಾರ್ನ್ ಹೊಡೀಲಿಕ್ಕ ಹತ್ತೇದ. ಕೊಯ್ಲೇನ್ರಿ?"

"ಹಾಂ... ಅರೆ, ನಹೀ ನಹೀ!"

ಶೆಟ್ಟೆಪ್ಪ ಗರಗಸ ಕೆಳಗಿಡುತ್ತಾರೆ. ಹದಿನೆಂಟು ವರ್ಷದಲ್ಲಿ ಇಂಥ ಪೇಚು ಬಂದಿರಲಿಲ್ಲ. ಹಾಂ ಎಂದರೆ ನಡೆಯುವುದಿಲ್ಲವೇ? "ನಡೆಯೂದಿಲ್ರಿ," ಎನ್ನುತ್ತಾರೆ ಅವರು ಬೇಸರದಿಂದ. "ಹಾಂ ಅನ್ನೂದು ನಾಲಿಗಿ ತುದೀಲಿಂದ ಬರ್ತದ. ಹೂಂ ಹೊಟ್ಟೀಲಿಂದ ಬರಬೇಕು."

ತಿಲಕ್ ಚಿಮಟಾ ಎತ್ತಿ, ವಿಭೂತಿ ಒರೆಸಿ ಬ್ಯಾಗಿಗೆ ತುರುಕುತ್ತಾರೆ. ಶೆಟ್ಟೆಪ್ಪ ಬ್ಯಾಗನ್ನೇ ನೋಡುತ್ತಾ ಕೂರುತ್ತಾರೆ. ಆಮೇಲೆ ಕೈಯಲ್ಲಿದ್ದ ಪಾನಾವನ್ನು ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚುತ್ತಾರೆ. ಈ ಸಲ ಆಣೆ ಇಡುವುದಿಲ್ಲ.

"ಚಂದ್ರಾಮ ಅಂತ ನಮ್ಮ ಊರಾಂವ. ಒಂದ ಚಾಳಿನ್ಯಾಗ, ಒಂದ ಖೋಲ್ಯಾಗ ಇದ್ವಿ. ಪೇಪರ್ ಹಾಕತಿದ್ದ. ಗುಜರಿ ಮಾಲಿನ್ಯಾಗ ಇಂಥಾದ್ದ ಒಂದ ಚಿಮಟಾ ಸಿಕ್ತು ಅಂವಗ. ತನ್ನ ಸೈಕಲ್ಲಿಗೆ ಹಾಕು ಅಂತ ತಂದು ಕೊಟ್ಟ. ಆಗ್ತದಲ್ಲೋ ಶೆಟ್ಟ್ಯಾ ಅಂದ. ನಾ ಬೀಡಿ ಹಚ್ಚಾಕತ್ತಿದ್ದೆ. ತಿರುಗಿ ನೋಡಲಿಲ್ಲ. ಹೂಂ ಅಂದೆ."

ಹಾಲಿನ ಬೂತಿನ ಮುಂದಿನ ಸಾಲು ಈ ಕಡೆ ತಿರುಗಿದೆ.

"ಮರುದಿವಸ ಮುಂಜಾನೆ, ಸಬ್‌ವೇ ಇಳಕಲದಾಗ. ಕಲ್ಲಿಲ್ಲ, ಕುಣಿಯಿಲ್ಲ. ಗಾಲಿ ಒಂದ್ ಕಡೆ ಹೋತು. ಇಂವ ಹ್ಯಾಂಡಲ್ ಹಿಡಕೊಂಡ ಮಾರಿ ಮ್ಯಾಲ ಬಿದ್ದ. ನಾ ಹೋದಾಗ್ಲೂ ಹ್ಯಾಂಡಲ್ ಬಿಟ್ಟಿರಲಿಲ್ಲ. ಕೆಳಗಿನ ದವಡಿ ಪೂರಾ ಪುಡಿ. ಈಗ ಊರಾಗ ಅದಾನ. ಹದಿನೆಂಟು ವರ್ಷ ಆತು, ರೊಟ್ಟಿ ಕಡೀಲಿಕ್ಕ ಬರೂದಿಲ್ಲ. ಹಾಲಾಗ ನೆನಸಿ ಕೊಡ್ತಾರ. ನಾ ಹ್ವಾದ್ರ ನಗ್ತಾನ. ಏನೂ ಅನ್ನೂದಿಲ್ಲ."

ಚಹಾದ ಗ್ಲಾಸು ಹಿಡಿದು ಬಂದ ನಾಗವ್ವ ಬಾಗಿಲಲ್ಲೇ ನಿಂತುಬಿಟ್ಟಿದ್ದಾರೆ. ಗಂಡ ಬೇರೆಯವರ ಮುಂದೆ ಇದನ್ನು ಹೇಳಿದ್ದು ಇದೇ ಮೊದಲು.

ತಿಲಕ್ ಬ್ಯಾಗಿನಿಂದ ಚಿಮಟಾ ಹೊರಗೆ ತೆಗೆಯುತ್ತಾರೆ. ಒರೆಸಿದ ಮೇಲೂ ಕೆಂಪು ಗೆರೆ ಹಾಗೇ ಇದೆ. ಬಹಳ ಹೊತ್ತು ಅದನ್ನೇ ನೋಡಿ, ತಟ್ಟೆಯಲ್ಲಿ ಇಡುತ್ತಾರೆ.

"ಹೂಂ," ಎನ್ನುತ್ತಾರೆ.

ಯಾರೂ ಕೇಳಿರಲಿಲ್ಲ. ಶೆಟ್ಟೆಪ್ಪ ಒಂದು ಕ್ಷಣ ನಂಬದೆ ಹೆಂಡತಿಯ ಕಡೆ ನೋಡುತ್ತಾರೆ. ನಾಗವ್ವ ತಲೆಯಾಡಿಸುತ್ತಾರೆ. ಶೆಟ್ಟೆಪ್ಪ ಚಿಮಟಾ ಸ್ಟ್ಯಾಂಡಿಗೆ ಬಿಗಿದು ಗರಗಸ ಇಟ್ಟು ಒಂದು ಸಲ ಎಳೆಯುತ್ತಾರೆ. ಎರಡನೇ ಸಲಕ್ಕೆ ಕೈ ಎತ್ತುವ ಮೊದಲೇ ಟಕ್ ಎಂದು ಎರಡು ಕಾಲೂ ಕಳಚಿ ನೆಲಕ್ಕೆ ಬೀಳುತ್ತವೆ. ಒಳಗಿನ ಪಿನ್ನು ಉರುಳಿ ಉರುಳಿ ತಿಲಕ್ ಅವರ ಬೂಟಿಗೆ ತಾಗಿ ನಿಲ್ಲುತ್ತದೆ. ಗರಗಸದ ಗಾಯ ಎರಡು ನೂಲಿನಷ್ಟೂ ಇಲ್ಲ.

ತಿಲಕ್ ಬಾಯಿ ತೆರೆದಿದೆ. ಮುಖ ವಿಭೂತಿಯ ಬಣ್ಣಕ್ಕೆ ತಿರುಗಿದೆ. ಚಿಮಟಾ ಮುರಿಯಲು ಇಷ್ಟೇ ಸಾಕೆಂಬುದು, ಇಲ್ಲಿ ಕೊಯ್ಯದಿದ್ದರೆ, ಅವರಿಗೆ ನಾಳೆ ಹೈವೇಯಲ್ಲಿ ತಿಳಿಯುತ್ತಿತ್ತು.

"ಇನ್ನೂರ ಹನ್ನೆರಡು," ಎನ್ನುತ್ತಾರೆ ಶೆಟ್ಟೆಪ್ಪ. ತಮಗೆ ಇನ್ನೇನು ಬೇಕು ಎಂದು ಈ ಬರಹಕ್ಕಾಗಿ ಕೇಳಿದ್ದಕ್ಕೆ ಕೈ ಒರೆಸಿಕೊಳ್ಳುತ್ತಾ ಉತ್ತರ ಕೊಡುತ್ತಾರೆ: "ನನಗೇನ್ ಬೇಕ್ರಿ. ಇಲ್ಲಿ ಬಂದಾವ್ರು ನಡಕೊಂಡ ವಾಪಸ್ ಹೋಗ್ಲಿ. ಬೈಕೊಂತ ಹೋಗ್ಲಿ ಬೇಕಾರ. ಚಾ ಕುಡೀರಿ ತಿಲಕ್ ಸಾಹೇಬ್ರ, ಉಕ್ಕಿಂದು ಸಂಜಿ ಒಳಗ ಹಾಕಿಡ್ತೀನಿ."

ತಿಲಕ್ ಬಗ್ಗುತ್ತಾರೆ. ಪಿನ್ನನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡು, ಫುಟ್‌ಪಾತ್ ಇಳಿದು, ಸ್ಟೇಷನ್ನಿನ ಕಡೆ ನಡೆಯತೊಡಗುತ್ತಾರೆ. ಶೆಟ್ಟೆಪ್ಪ ಗಡಬಡಿಸಿ ಡಬ್ಬಿ ತೆಗೆದು ಸಣ್ಣ ಪಾನಾ ಎತ್ತಿ ಹಿಡಿಯುತ್ತಾರೆ.

"ಏ ಸಾಹೇಬ್ರ, ವಿಮಾನದ್ದು ಮುಗಿದಿಲ್ರಿ ಇನ್ನ! ಪೈಲಟ್ ಗ್ಲಾಸ್ ಕೆಳಗ ಇಳಿಸಿ ತಲಿ ಹೊರಗ ಹಾಕಿ ಏನಂದಾ ಅಂದ್ರ, ಏ ಸೈಕಲ್ಲಾ, ನೀ ಸ್ವಲ್ಪ ಎಡಕ್ಕ..."