ನಮ್ಮ ಹೆಣ್ಮಕ್ಕಳಿಗೆಲ್ಲ ಹಿಂಗ

ಧಾರವಾಡದ ಶಿವಕಾಂತಾ ಮದುವೆಯಾಗಿ ಪುಣೆಗೆ ಬಂದವಳು. ಗಂಡ ಲಾಲಪ್ಪ ಬಸ್ ಕಂಡಕ್ಟರ್. ಕಾತ್ರಜದ ಮನೆಯಲ್ಲಿ ಇವಳು ಸೀರೆಗೆ ಫಾಲ್ ಹೊಲಿಯುತ್ತಾಳೆ. ತಿಂಗಳ ಸ್ರಾವ ಹತ್ತು ದಿನವಾದರೂ ನಿಲ್ಲದಿರುವುದನ್ನು ಅವಳೆಂದೂ ಕಾಯಿಲೆ ಎಂದುಕೊಂಡಿರಲಿಲ್ಲ. ಹಾಸಿಗೆಗೆ ಪ್ಲಾಸ್ಟಿಕ್ ಹಾಸಿ ಮಲಗುವುದನ್ನು ತವರಿನಲ್ಲೇ ಕಲಿತಿದ್ದಳು.

ಹಿರಿಯ ಮಗಳು ಕೇತಕಿ ದೊಡ್ಡವಳಾದಾಗ ವಾರ ಕಳೆದರೂ ರಕ್ತ ನಿಲ್ಲಲಿಲ್ಲ. ಶಿವಕಾಂತಾ ತಾಯಿ ರಾಧಾಬಾಯಿಗೆ ಫೋನ್ ಮಾಡಿದಳು.

"ಅಂಜಬ್ಯಾಡ. ನಮ್ಮ ಹೆಣ್ಮಕ್ಕಳಿಗೆಲ್ಲ ಹಿಂಗ. ಅಂಟಿನುಂಡಿ ಮಾಡಿ ತಿನ್ನಸು."

ಓಣಿಯ ಡಾಕ್ಟರು ಶಕ್ತಿಯ ಗುಳಿಗೆ ಕೊಟ್ಟು ಕಳಿಸಿದರು. ಹುಡುಗಿ ಬಿಳಿಚಿಕೊಳ್ಳುತ್ತ ಹೋಗಿ ಒಂದು ಮುಂಜಾನೆ ಬಚ್ಚಲಲ್ಲಿ ಬಿದ್ದಳು. ರಿಕ್ಷಾದಲ್ಲಿ ತಾಯಿಯ ತೊಡೆಯ ಮೇಲೆ ಮಲಗಿ, "ಅವ್ವಾ, ನಿನ್ನ ಸೀರಿ ಕೆಡತದ," ಎಂದಳು. ದೊಡ್ಡಾಸ್ಪತ್ರೆಯಲ್ಲಿ ರಕ್ತ ಏರಿಸಿದರೂ ಸಂಜೆಗೆ ತೀರಿಕೊಂಡಳು.

ಕೆಲವು ವಾರಗಳ ಬಳಿಕ ಅಲ್ಲಿನ ಡಾಕ್ಟರ್, ಬೆಳಗಾವಿಯ ಹರ್ಷಾ, ಮನೆಯವರನ್ನೆಲ್ಲ ಕರೆಸಿ ರಕ್ತ ಪರೀಕ್ಷೆ ಮಾಡಿಸಿದರು.

"ರಕ್ತ ಹೆಪ್ಪುಗಟ್ಟಲಾರದ ರೋಗ ಇದು, ವಂಶದಾಗ ಬರತದ. ನಿಮಗೂ ಅದ, ಸಣ್ಣ ಮಗಳು ಶ್ರದ್ಧಾಗೂ ಅದ."

"ಔಷಧ ಅದ ಏನ್ರಿ?"

"ಗುಳಿಗಿ ಅದಾವ್ರಿ, ಇಂಜೆಕ್ಷನ್ ಅದ."

"ಹಂಗಾದ್ರ ಆಕಿ ಬದುಕತಿದ್ಲು?"

ಹರ್ಷಾ ತಲೆ ತಗ್ಗಿಸಿದರು. "ಮೊದಲ ಗೊತ್ತಾಗಿದ್ರ, ಹೌದ್ರಿ."

ಎರಡು ವರ್ಷದ ನಂತರ ಶ್ರದ್ಧಾಳ ಸರದಿ. ಅವತ್ತೇ ಶಿವಕಾಂತಾ ಅವಳನ್ನು ಆಸ್ಪತ್ರೆಗೆ ಸೇರಿಸಿದಳು. ಗುಳಿಗೆಗೆ ರಕ್ತ ಬಗ್ಗಲಿಲ್ಲ, ಆಸ್ಪತ್ರೆಯಲ್ಲಿ ಇಂಜೆಕ್ಷನ್ ದಾಸ್ತಾನು ಮುಗಿದಿತ್ತು. ಸೋಮವಾರ ಬನ್ನಿ ಎಂದು ಔಷಧದ ಕಿಟಕಿಯವನು ಮರಾಠಿಯಲ್ಲಿ ಹೇಳಿದ. ಮನೆಯೊಳಗೂ ಪಿಸುಗುಟ್ಟುತ್ತಿದ್ದ ಮಾತನ್ನು ಶಿವಕಾಂತಾ ಗಂಡಸರ ಸಾಲಿನ ಮುಂದೆ ಅದೇ ಮರಾಠಿಯಲ್ಲಿ ಗಟ್ಟಿಯಾಗಿ ಹೇಳಿದಳು: ಮಗಳ ಮುಟ್ಟು ನಿಲ್ಲುತ್ತಿಲ್ಲ, ದೊಡ್ಡವಳು ಇದರಲ್ಲೇ ಸತ್ತಳು. ಇಂಜೆಕ್ಷನ್ ಸಿಗುವವರೆಗೂ ಏಳುವುದಿಲ್ಲವೆಂದು ಅಲ್ಲೇ ನೆಲಕ್ಕೆ ಕುಳಿತಳು. ಗದ್ದಲ ಕೇಳಿ ಬಂದ ಹರ್ಷಾ ಬೇರೆ ಆಸ್ಪತ್ರೆಯಿಂದ ಇಂಜೆಕ್ಷನ್ ತರಿಸಿದರು. ಮರುದಿನ ಸ್ರಾವ ತಗ್ಗಿತು.

ಶ್ರದ್ಧಾ ಉಳಿದಳು. ಆದರೆ ಧಾರವಾಡದಲ್ಲಿ ಶಿವಕಾಂತಾಳ ತಂಗಿಗೂ ಇಬ್ಬರು ಹೆಣ್ಣುಮಕ್ಕಳಿದ್ದರು. ಅವರ ರಕ್ತ ಪರೀಕ್ಷೆ ಮಾಡಿಸಲು ಶಿವಕಾಂತಾ ತಾಯಿಗೆ ಹೇಳಿದಳು.

"ಲಗ್ನದ ಹುಡುಗ್ಯಾರವಾ," ಎಂದರು ರಾಧಾಬಾಯಿ. "ರೋಗ ಅಂದ್ರ ಯಾರು ಮಾಡ್ಕೋತಾರ?"

"ಸತ್ತ ಮ್ಯಾಲ ಯಾರು ಮಾಡ್ಕೋತಾರವ್ವಾ?"

ತಾಯಿ ಅಳತೊಡಗಿದರು. ಶಿವಕಾಂತಾ ತಂಗಿಗೇ ನೇರವಾಗಿ ಫೋನ್ ಮಾಡಿದಳು. ಮಾತು ಮುಗಿಯುವ ಮೊದಲೇ ತಂಗಿ ಇಟ್ಟುಬಿಟ್ಟಳು. ಆಮೇಲೆ ಇವಳ ಫೋನ್ ಎತ್ತುವುದನ್ನೇ ಬಿಟ್ಟಳು.