ಹೊಸ್ತಿಲ ಹುಣ್ಣಿಮೆಯ ಕಂಬಳಿ

ನಮ್ಮೂರು ಸುಳಕೂಡದಲ್ಲಿ ಮನೆಮನೆಗೂ ಮಣ್ಣಿನ ಅಂಗಳ, ಅಂಗಳದ ತುಂಬ ಕುರಿಹಿಕ್ಕೆಯ ವಾಸನೆ ಇದ್ದ ಕಾಲ. ನಾನು ಏಳನೆಯ ಇಯತ್ತೆ, ಎಲ್ಲದಕ್ಕೂ ಪ್ರಶ್ನೆ ಹಾಕಿ ತಲೆ ತಿನ್ನುವ ಹುಡುಗಿ. ಬೆಳದಿಂಗಳು ಭಾಳ ಥಂಡಿ, ಮರಿಗಳನ್ನು ಅದಕ್ಕೆ ಒಡ್ಡಬಾರದು ಎನ್ನುತ್ತಿದ್ದಳು ಆಯಿ, ಅಂದರೆ ನನ್ನಪ್ಪನ ಅವ್ವ. ಬೆಳಕು ಎಲ್ಲಾದರೂ ತಂಪು ಮಾಡುವುದುಂಟೇ, ನೀನೇ ಅಳೆದು ನೋಡು ಎಂದು ಶಾಲೆಯ ಗುರೂಜಿ ಥರ್ಮಾಮೀಟರ್ ಕೊಟ್ಟು ತಲೆಯಲ್ಲಿ ಹುಳ ಬಿಟ್ಟರು.

ಹೊಸ್ತಿಲ ಹುಣ್ಣಿಮೆಯ ದಿನ ಭಕ್ರಿ, ಪುಂಡಿಪಲ್ಯ ಉಂಡು ಎಲ್ಲರೂ ಮಲಗಿದ ಮೇಲೆ ಅಂಗಳದಲ್ಲಿ ಎರಡು ಬೋಗುಣಿ ನೀರಿಟ್ಟೆ. ಒಂದು ಬೆಳದಿಂಗಳಿಗೆ, ಇನ್ನೊಂದಕ್ಕೆ ನೆರಳು ಬೇಕಿತ್ತು. ಮನೆಯ ಕಂಬಳಿಗಳೆಲ್ಲ ಮಲಗಿದವರ ಮೈಮೇಲಿದ್ದವು. ಉಳಿದದ್ದು ಒಂದೇ, ಕಟ್ಟೆಯ ಮೇಲೆ ಕವುಚಿಟ್ಟ ಬುಟ್ಟಿಗೆ ಹೊಚ್ಚಿದ್ದು. ಬುಟ್ಟಿಯೊಳಗೆ ನಾಲ್ಕು ದಿನದ ಮರಿ. ತಾಯಿಕುರಿ ಹಾಲು ಕೊಡದೆ, ಆಯಿಯೇ ಬಾಟಲಿಯಲ್ಲಿ ಕುಡಿಸಿ ಅದರ ಜೀವ ಹಿಡಿದಿದ್ದಳು. ಒಂದು ತಾಸು ಅಷ್ಟೇ ಅಂದುಕೊಂಡು ಕಂಬಳಿ ಎಳೆದು ಎರಡನೆಯ ಬೋಗುಣಿಯ ಮೇಲೆ ನಾಲ್ಕು ಕೋಲಿಗೆ ಕಟ್ಟಿದೆ. ಒಳಗೆ ಹೋಗಿ ಕೌದಿ ಹೊದ್ದವಳಿಗೆ ನಿದ್ದೆ ಹತ್ತಿಬಿಟ್ಟಿತು.

ನಸುಕಿನಲ್ಲಿ ಎದ್ದು ಅಳೆದರೆ ಬಯಲಿನ ನೀರು ಎರಡು ಡಿಗ್ರಿ ತಣ್ಣಗೆ! ಆಯಿ ಗೆದ್ದಳೆಂದು ಕುಣಿಯುವಷ್ಟು ಖುಷಿ. ಬರೆದುಕೊಂಡು, ಕಂಬಳಿಯನ್ನು ಪಡಸಾಲೆಯ ಗೂಟಕ್ಕೆ ಸಿಕ್ಕಿಸಿ ಮತ್ತೆ ಮಲಗಿದೆ. ಬುಟ್ಟಿಯ ನೆನಪೇ ಆಗಲಿಲ್ಲ, ಹಾಳಾದವಳಿಗೆ.

ಬೆಳಗಾದಾಗ ಮರಿ ಆಯಿಯ ತೊಡೆಯ ಮೇಲೆ ಸೆಟೆದು ಬಿದ್ದಿತ್ತು.

"ಯವ್ವಾ, ಕಂಬಳಿ ಹೊಚ್ಚೂದು ಮರತೇನ?" ಎಂದ ಅಪ್ಪ.

ಆಯಿ ಗೂಟದತ್ತ ನೋಡಿದಳು. "ಹೊಚ್ಚಿದ್ನಲ್ಲೊ... ಇಲ್ಲ ಬಿಡಪಾ, ಅಲ್ಲೇ ಐತಿ ನೋಡು. ನನಗ ಅರಳುಮರಳಾಗೇತಿ."

ಇಬ್ಬನಿ ಕುಡಿದ ಕಂಬಳಿಯ ವಾಸನೆ ಇನ್ನೂ ನನ್ನ ಕೈಯಲ್ಲಿತ್ತು. ಕೈ ಹಿಂದೆ ಕಟ್ಟಿಕೊಂಡು ನಿಂತೆ, ಬಾಯಿ ಬಿಡಲಿಲ್ಲ. ಬೈಸಿಕೊಳ್ಳುವ ಹೆದರಿಕೆ. ಅಂದಿನಿಂದ ಆಯಿ ತನ್ನನ್ನು ತಾನೇ ನಂಬಲಿಲ್ಲ. ಮರಿಗಳನ್ನು ನನ್ನ ಅವ್ವನಿಗೆ ಒಪ್ಪಿಸಿದಳು. ಒಲೆ ಆರಿಸಿದೆನಾ, ಬಾಗಿಲು ಹಾಕಿದೆನಾ ಎಂದು ದಿನವೂ ಕೇಳುತ್ತಿದ್ದಳು, ಅದೂ ನನ್ನನ್ನೇ.

ಈಗ ನಾನು ಗಡಹಿಂಗ್ಲಜದಲ್ಲಿ ವಿಜ್ಞಾನ ಕಲಿಸುತ್ತೇನೆ. ಹೋದ ಚಳಿಗಾಲದ ಅಮಾವಾಸ್ಯೆಗೆ ಮಾಳಿಗೆಯ ಮೇಲೆ ಮತ್ತೆ ಎರಡು ಬೋಗುಣಿ ಇಟ್ಟು, ಒಂದರ ಮೇಲೆ ಕಂಬಳಿ ಕಟ್ಟಿ ನೋಡಿದೆ. ಚಂದ್ರನೇ ಇಲ್ಲದ ರಾತ್ರಿಯಲ್ಲೂ ಬಯಲಿನ ನೀರೇ ತಣ್ಣಗೆ. ಬಯಲಿಗಿಟ್ಟದ್ದು ಆರುತ್ತದೆ, ಕಂಬಳಿಯ ಅಡಿಯದು ಬೆಚ್ಚಗಿರುತ್ತದೆ, ಅಷ್ಟೇ. ಅದು ಬುಟ್ಟಿಯೊಳಗಿನ ಮರಿಗೂ ಗೊತ್ತಿತ್ತು.

ಶಾಲೆಯ ಮಕ್ಕಳೆದುರು ನನ್ನ ಅಂದಿನ ಪ್ರಯೋಗದ ತಪ್ಪು ಒಪ್ಪಿ ಚಂದ್ರನ ಮೇಲಿನ ಅಪವಾದ ತೆಗೆದೆ. ಆಯಿಯ ಮೇಲಿನದು ಹಾಗೇ ಉಳಿದಿದೆ. "ನೀ ಹೊಚ್ಚಿದ್ದಿ, ಆಯಿ" ಎಂದು ಹೇಳೋಣವೆಂದರೆ, ಕೇಳಲು ಆಕೆ ಇಲ್ಲ.