ರಾಜನ ಹೆಸರು ಕೆತ್ತದ ಗೋಡೆ

ತುರ್ತು ಪರಿಸ್ಥಿತಿಯ ಕಾಲ. ಬೈಲಹೊಂಗಲದ ಕಾಲೇಜೊಂದರಲ್ಲಿ ಇತಿಹಾಸ ಕಲಿಸಲು ನಾನು ದಿನಾ ಮುರಗೋಡದಿಂದ ಬಸ್ಸಿಗೆ ಬರುತ್ತಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಆ ದಿನದ ಪಾಠ ಪ್ರಾಚೀನ ಈಜಿಪ್ಟಿನ ಕೊನೆಗಾಲದ ದೇವಾಲಯಗಳದ್ದು. ಅಲ್ಲಿ ದಿನದ ಪೂಜೆ ಅರ್ಚಕರದ್ದಾದರೂ, ನೈವೇದ್ಯ ಕೊಡುವವನೆಂದು ಗೋಡೆಯ ಮೇಲೆ ಕೆತ್ತುತ್ತಿದ್ದದ್ದು ರಾಜನನ್ನೇ. ಗ್ರೀಕ್ ಮೂಲದ ರಾಜರು ಬಂದಾಗಲೂ ಹಳೆಯ ಕಿರೀಟವನ್ನೇ ತೊಡಿಸಿ ಕೆತ್ತಿದರು. ಡೆಂಡೇರಾ ಎಂಬಲ್ಲಿ ಮಾತ್ರ ರಾಜನ ಹೆಸರು ಬರೆಯುವ ಚೌಕಟ್ಟುಗಳು ಎಷ್ಟೋ ಕಡೆ ಖಾಲಿ ಇವೆ. ಸಿಂಹಾಸನದ ಜಗಳದಲ್ಲಿ ನಾಳೆ ಯಾರು ರಾಜರೋ ತಿಳಿಯದೆ ಹಾಗೆ ಬಿಟ್ಟಿರಬೇಕು ಎಂದೆ.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಹೆಸರ ಇಲ್ದ ಪೂಜಿ ನಡೀತಿತ್ತೇನ್ರಿ ಮೇಡಂ?"

"ನಡೀತಿತ್ತು. ಅವರಿಗೆ ಕುರ್ಚಿ ಮುಖ್ಯ, ಕುಂತವರಲ್ಲ."

"ಇಲ್ಲೆ ಕುಂತವರು ಏಳವಲ್ರಲ್ರಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ತರಗತಿ ನಕ್ಕಿತು. ನಾನು ಬೋರ್ಡಿನ ಕಡೆ ತಿರುಗಿ ಬರೆಯತೊಡಗಿದೆ.

ಮರುದಿನ ಪ್ರಾಂಶುಪಾಲರು ಕರೆಸಿದರು. ಅವರೆದುರು ಗುರುತಿಲ್ಲದವರೊಬ್ಬರು ಕುಳಿತಿದ್ದರು. ಸಾದಾ ಬಟ್ಟೆ, ಕಾಲಲ್ಲಿ ಪೊಲೀಸ್ ಬೂಟು.

"ಕುರ್ಚಿ ಬಗ್ಗೆ ಏನೋ ಅಂದ್ರಂತ. ಯಾರ ಕುರ್ಚಿ ಅಕ್ಕೋರ?" ಎಂದರು ಅವರು.

ಪಾಠದ ಪುಸ್ತಕ ತೆರೆದೆ. "ಎರಡು ಸಾವಿರ ವರ್ಷದ ಹಿಂದಿನ ಮಾತ್ರಿ," ಎಂದು ಖಾಲಿ ಚೌಕಟ್ಟುಗಳ ಚಿತ್ರ ತೋರಿಸಿದೆ.

ಅವರು ಬಹಳ ಹೊತ್ತು ನೋಡಿದರು. "ಇದರಾಗ ಏನೂ ಬರದಿಲ್ಲಲ್ರಿ?"

"ಪಾಠ ಅದರ ಬಗ್ಗೇನ ಐತ್ರಿ."

ಪ್ರಾಂಶುಪಾಲರು ನಡುವೆ ಬಾಯಿ ಹಾಕಿದರು. "ಪುಸ್ತಕದಾಗ ಇದ್ದದ್ದಷ್ಟ ಹೇಳೇನಿ ಅಂತ ಬರಕೊಡ್ರಿ, ಮುಗೀತು."

ಬರೆದುಕೊಟ್ಟೆ. ಕುರ್ಚಿಯ ಮಾತು ಯಾವ ಪುಸ್ತಕದಲ್ಲೂ ಇರಲಿಲ್ಲ, ಅದು ನನ್ನದೇ. ಮುಂದೆ ಎಷ್ಟೋ ವಾರ, ಬಸ್ಸಿನಲ್ಲಿ ಯಾರಾದರೂ ಎರಡು ಸಲ ತಿರುಗಿ ನೋಡಿದರೆ ಮುಖವನ್ನು ಕಿಟಕಿಯತ್ತ ತಿರುಗಿಸಿಕೊಳ್ಳುತ್ತಿದ್ದೆ. ವಿಚಾರಿಸಲು ಮತ್ತೆ ಯಾರೂ ಬರಲಿಲ್ಲ. ಆದರೂ ಇನ್ನೊಂದು ವಿಭಾಗದವರಿಗೆ ಆ ಪಾಠ ಮಾಡಲು ಧೈರ್ಯ ಸಾಲಲಿಲ್ಲ. "ಅದು ಪರೀಕ್ಷಾಕ್ಕ ಬರಂಗಿಲ್ಲ" ಎಂದು ದಾಟಿಸಿಬಿಟ್ಟೆ.

ಬಂತು. ಪರೀಕ್ಷೆ ಮುಗಿಸಿ ಹೊರಬಂದ ಆ ವಿಭಾಗದ ಹುಡುಗಿಯೊಬ್ಬಳು ನನ್ನನ್ನು ತಡೆದು ನಿಲ್ಲಿಸಿದಳು.

"ಬಾಜೂ ಕ್ಲಾಸಿನವರಿಗೆ ಹೇಳೀರಂತ ಮೇಡಂ. ನಮಗ ಯಾಕ ಬಿಟ್ರಿ?"

ಹೆದರಿದ್ದೆ ಎನ್ನಲು ಬಾಯಿ ಬರಲಿಲ್ಲ. "ಮರತೆ ನೋಡವಾ," ಎಂದೆ.

ಅವಳು ಪ್ರಶ್ನಪತ್ರಿಕೆ ಮಡಚುತ್ತ ನನ್ನ ಮುಖವನ್ನೇ ನೋಡಿದಳು. ಆಮೇಲೆ ಗೇಟಿನ ಕಡೆ ನಡೆದಳು.